ಎಬ್ಬಿಸಬೇಕಾದವಳು

ಅರ್ಧ ಗಂಟೆ ಮುಗಿದು ಹತ್ತು ನಿಮಿಷವಾಗಿತ್ತು, ಡ್ರೈವರ್ ಇನ್ನೂ ಮಲಗಿಯೇ ಇದ್ದ. ಪೆಟ್ರೋಲ್ ಬಂಕಿನ ಹಿಂದೆ ಲಾರಿಯವರಿಗೆಂದು ಕಟ್ಟಿದ ತಗಡಿನ ಶೆಡ್ಡಿನಲ್ಲಿ ಸಾಲಾಗಿ ಆರು ಮಂಚಗಳಿದ್ದವು. ಕೊನೆಯ ಮಂಚದ ಮೇಲೆ ಅವನು, ಬೂಟು ಬಿಚ್ಚಿ ಜೋಡಿಸಿಟ್ಟು, ಕರವಸ್ತ್ರ ಮಡಿಸಿ ಕಣ್ಣಿನ ಮೇಲೆ ಹಾಕಿಕೊಂಡು, ಮೈಮೇಲೆ ಎಚ್ಚರವಿಲ್ಲದಂತೆ ನಿದ್ದೆ ಹೋಗಿದ್ದ. ಅವಳು ಎರಡು ಮಾರು ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಳಿತು ಅವನ ಎದೆ ಏರುವುದನ್ನು, ಇಳಿಯುವುದನ್ನು ನೋಡುತ್ತಿದ್ದಳು. ಹಾಗೆ ನೋಡುವುದು ಅವಳಿಗೆ ಅಭ್ಯಾಸ. ಎರಡು ವರ್ಷದ ಹಿಂದೆ ನಿವೃತ್ತಿಯಾಗುವ ತನಕ, ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ 'ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲುಗಾಡ್ಬೇಡಿ, ಹ್ಞಾ, ಬಿಡಿ' ಎನ್ನುತ್ತಲೇ ಕಳೆದವಳು. ಎದುರಿಗೆ ಯಾರು ಬಂದರೂ ಮುಖಕ್ಕಿಂತ ಮೊದಲು ಎದೆಗೂಡಿನ ಕಡೆಗೆ ಕಣ್ಣು ಹೋಗುತ್ತಿತ್ತು. ಈ ಮನುಷ್ಯನ ಉಸಿರು ಚೆನ್ನಾಗಿತ್ತು, ನಿಧಾನವಾಗಿತ್ತು. ಇಷ್ಟು ಸುಖವಾಗಿ ಮಲಗಿದವನನ್ನು ಎಬ್ಬಿಸುವುದು ಪಾಪ ಎಂದುಕೊಂಡಳು. ಹಾಗೆ ಅಂದುಕೊಂಡದ್ದೇ ತಡ, ಆ ಮಾತು ತನಗೆ ಎಷ್ಟು ಅನುಕೂಲವಾಗಿ ಒದಗಿಬಂದಿದೆ ಎಂಬುದೂ ಹೊಳೆಯಿತು. ಹೊಳೆದದ್ದನ್ನು ಪಕ್ಕಕ್ಕೆ ಸರಿಸಿ ಗಡಿಯಾರ ನೋಡಿದಳು. ಹನ್ನೊಂದೂವರೆ.

ಅವನು ಕೇಳಿದ್ದೇ ಸಂಕೋಚಪಟ್ಟುಕೊಂಡು. ಬೆಳಗಿನ ಐದಕ್ಕೆ ಹೊರಟ ಮೇಲೆ ಒಂದು ಸಲ ಟೀಗೆ ನಿಲ್ಲಿಸಿದ್ದು ಬಿಟ್ಟರೆ ಸ್ಟೇರಿಂಗ್ ಬಿಟ್ಟಿರಲಿಲ್ಲ. ಹತ್ತರ ಸುಮಾರಿಗೆ ಕನ್ನಡಿಯಲ್ಲಿ ಅವನ ಕಣ್ಣುಗಳು ಮೆಲ್ಲಗೆ ಮುಚ್ಚಿ ಥಟ್ಟನೆ ತೆರೆದದ್ದನ್ನು ಅವಳೇ ಕಂಡಿದ್ದಳು. ಬಂಕಿನ ಹತ್ತಿರ ಗಾಡಿ ಪಕ್ಕಕ್ಕೆ ಹಾಕಿ ಹಿಂದಿರುಗಿ ನೋಡದೆಯೇ ಹೇಳಿದ್ದ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಕಣ್ಣು ಎಳೀತಾ ಇದೆ. ರಾತ್ರಿಯೆಲ್ಲ ಓಡಿಸ್ಕೊಂಡು ನಿಮ್ಮನೆಗೆ ಬಂದಿದ್ದಲ್ವಾ. ಒಂದರ್ಧ ಗಂಟೆ ಬೆನ್ನು ಚಾಚಿದ್ರೆ ಸಾಕು. ನಂಗೆ ಅಲಾರಂ ಗಿಲಾರಂ ಕೇಳ್ಸಲ್ಲ, ನೀವೇ ಭುಜ ಹಿಡಿದು ಅಲ್ಲಾಡಿಸ್ಬಿಡಿ."

"ಮಲಗಿ. ಎಬ್ಬಿಸ್ತೀನಿ."

"ಮರೀಬಾರ್ದು ಅಮ್ಮಾ. ಎರಡೂವರೆ ಒಳಗೆ ಆಸ್ಪತ್ರೆ ಮುಟ್ಟಿಸ್ಬೇಕು ಅಂತ ಸಾರ್ ಹೇಳಿದ್ದಾರೆ."

"ಎಬ್ಬಿಸ್ತೀನಿ ಅಂದ್ನಲ್ಲಪ್ಪಾ."

ಉಳಿದಿದ್ದು ಮೂರು ಗಂಟೆಯ ದಾರಿ. ಮೂರೂವರೆಗೆ ಅಕ್ಕನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುತ್ತಾರೆ. ಗಂಟಲಲ್ಲಿ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು. ನಿನ್ನೆ ಮಧ್ಯಾಹ್ನ ಅಕ್ಕನ ಮಗ ಫೋನ್ ಮಾಡಿ, "ಚಿಕ್ಕಮ್ಮ, ನಾಳೆಗೇ ಡೇಟ್ ಕೊಟ್ಬಿಟ್ರು. ಆಮೇಲೆ ಅಮ್ಮಂಗೆ ಮಾತು ಇರಲ್ಲ. ಅಷ್ಟರೊಳಗೆ ನಿಮ್ಮ ಹತ್ರ ಮಾತಾಡ್ಬೇಕಂತೆ. ಫೋನಲ್ಲಿ ಬೇಡ್ವಂತೆ, ಮುಖ ನೋಡ್ಕೊಂಡೇ ಮಾತಾಡ್ಬೇಕಂತೆ. ಗಾಡಿ ಕಳಿಸ್ತಾ ಇದೀನಿ, ಬಂದ್ಬಿಡಿ" ಎಂದಿದ್ದ. ಹಿಂದೆ ಏನೋ ಗೊರಗೊರ ಸದ್ದು ಮಾಡಿದ್ದು ಕೇಳಿಸಿತ್ತು. ಯಾವುದೋ ಯಂತ್ರ ಇರಬೇಕು ಎಂದು ಅವಳು ಅಂದುಕೊಳ್ಳುತ್ತಿರುವಾಗ, "ಅಮ್ಮಾನೇ, 'ಬರ್ತಾಳಂತಾ' ಅಂತ ಕೇಳ್ತಿದ್ದಾಳೆ" ಎಂದ ಹುಡುಗ. ಬರ್ತೀನಿ ಅನ್ನು ಎಂದಳು. ಬಟ್ಟೆ ಜೋಡಿಸಿದಳು, ಬಿಚ್ಚಿದಳು, ಮತ್ತೆ ಜೋಡಿಸಿದಳು. ಮುಖ ನೋಡಿಕೊಂಡೇ ಹೇಳಬೇಕಾದ ಮಾತು ಏನಿರುತ್ತದೆ? ತಾಯಿಯ ಒಡವೆಯಿಲ್ಲ, ಹಂಚಿಕೊಳ್ಳುವ ಮನೆಯಿಲ್ಲ. ಇರುವುದು ಒಂದೇ ವಿಷಯ. ಅದು ಇಬ್ಬರಿಗೂ ಗೊತ್ತು.

ಮನೆಯಲ್ಲಿ ಅವಳನ್ನು ಡಾಕ್ಟರಮ್ಮ ಎಂದು ಕರೆಯಲು ಶುರುಮಾಡಿದ್ದೇ ಅಕ್ಕ. ಮೊದಲ ಸಂಬಳದ ದಿನ ತಮಾಷೆಗೆ ಹಾಗೆ ಕರೆದದ್ದು, ನೆಂಟರ ಬಾಯಲ್ಲೆಲ್ಲ ಅಂಟಿಕೊಂಡು ಕೊನೆಗೆ ತಮಾಷೆಯೂ ಉಳಿಯಲಿಲ್ಲ. ಯಾರಿಗೆ ಸೊಂಟ ಹಿಡಿಯಲಿ, ಯಾರ ಮಗುವಿಗೆ ಕೆಮ್ಮು ಬರಲಿ, 'ಡಾಕ್ಟರಮ್ಮನ್ನ ಒಂದು ಮಾತು ಕೇಳ್ಬಿಡೋಣ'. ಆಸ್ಪತ್ರೆಯಲ್ಲಿ ಅವಳು ಬಾಯಿ ಬಿಟ್ಟವಳಲ್ಲ. ಫಿಲ್ಮ್ ಕೈಗೆ ಕೊಡುವಾಗ ರೋಗಿಗಳು ಮುಖವನ್ನೇ ಓದುವವರ ಹಾಗೆ ನೋಡುತ್ತ 'ಏನಾದ್ರೂ ಇದ್ಯಾ ಅಮ್ಮಾ' ಎಂದು ಕೇಳಿದರೆ, 'ಡಾಕ್ಟರನ್ನ ಕೇಳಿ' ಎನ್ನುವುದಷ್ಟೇ ಕಾಯಿದೆ, ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಅದನ್ನು ಮೀರಿದ್ದಿಲ್ಲ. ಒಂದು ಸಲ ಬೇರೆ ಯಾರೋ ಮಾತು ಮೀರಿ ಏನೋ ಅಂದದ್ದಕ್ಕೆ, ಅವಳಿಗಿಂತ ಹದಿನೈದು ವರ್ಷ ಚಿಕ್ಕವನಾದ ಡಾಕ್ಟರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, 'ನಿಮ್ಮ ಕೆಲಸ ಬಟನ್ ಒತ್ತೋದು' ಎಂದಿದ್ದ. ಆ ದಿನ ಕಿರಣ ತಡೆಯುವ ಸೀಸದ ಏಪ್ರನ್ನು ಬಿಚ್ಚಿ ಮೊಳೆಗೆ ಹಾಕಿ ಹೊರಟಿದ್ದಳು. ಸಂಜೆ ಮನೆಗೆ ಬಂದರೆ ಪಕ್ಕದ ಮನೆಯಾಕೆ ಮೊಣಕಾಲು ಹಿಡಿದುಕೊಂಡು ಕಾಯುತ್ತ ಕೂತಿದ್ದಳು. ಅವಳಿಗೆ ಪೂರ್ತಿ ಅರ್ಧ ಗಂಟೆ ಮೂಳೆ ಸವೆಯುವುದರ ಬಗ್ಗೆ ವಿವರಿಸಿದ್ದಳು. ಬಟನ್ ಒತ್ತುವವಳಿಗೆ ಹೊಟ್ಟೆ ತುಂಬಿದಂತಾಗಿತ್ತು.

"ಇನ್ನೊಂದು ಟೀ ಕೊಡ್ಲಾ?" ಎಂದು ಟೀ ಅಂಗಡಿಯ ಹೆಂಗಸು ಕೇಳಿದಳು. ಶೆಡ್ಡಿನ ಮೂಲೆಯಲ್ಲೇ ಅವಳ ಸ್ಟೌ. ಬೇಡವೆನ್ನಲು ಬಾಯಿ ತೆರೆದವಳು 'ಕೊಡಿ' ಎಂದಳು. ಟೀ ಕುಡಿಯುವಷ್ಟು ಹೊತ್ತು ಕೂತಿರುವುದಕ್ಕೆ ಯಾರೂ ಆಕ್ಷೇಪಿಸುವಂತಿಲ್ಲ. ಹೆಂಗಸು ಲೋಟ ಕೊಟ್ಟವಳು ಅಲ್ಲೇ ನಿಂತು ಮಂಚದ ಕಡೆ ಗಲ್ಲ ತೋರಿಸಿದಳು.

"ನಿಮ್ಮಂಥವರು ಕಡಿಮೆ ಕಣಮ್ಮಾ. ಡ್ರೈವರ್ ಮಲಗಿದ್ರೆ ಕಾಯ್ತಾ ಕೂತಿದ್ದೀರಲ್ಲ. ಇಲ್ಲಿಗೆ ಬರೋರು ಹತ್ತು ನಿಮಿಷ ತಡೆಯಲ್ಲ, ಗಾಡಿ ಒಳಗೆ ಕೂತ್ಕೊಂಡು ಹಾರ್ನ್ ಹೊಡೀತಾರೆ. ಅವರೂ ಮನುಷ್ಯರೇ ತಾನೆ."

"ಪಾಪ, ರಾತ್ರಿಯೆಲ್ಲ ನಿದ್ದೆಯಿಲ್ಲ ಅವರಿಗೆ" ಎಂದಳು ಅವಳು. ಎಷ್ಟು ಸಲೀಸಾಗಿ ಬಂತು ಆ ಮಾತು! ಟೀಯೊಂದಿಗೆ ಹೊಗಳಿಕೆಯನ್ನೂ ಕುಡಿದಳು. ಹನ್ನೊಂದು ಐವತ್ತು. ಈಗ ಹೊರಟರೂ ಎರಡು ಐವತ್ತಕ್ಕೆ ಹೋಗಬಹುದು, ನಲವತ್ತು ನಿಮಿಷ ಸಿಗುತ್ತದೆ. ನಲವತ್ತು ನಿಮಿಷ ಅಕ್ಕನ ಮುಂದೆ. ಲೋಟ ಕೆಳಗಿಟ್ಟು ಎದ್ದಳು, ಮಂಚದ ತನಕ ಹೋದಳು, ಕೈ ಚಾಚಿದಳು ಕೂಡ. ಭುಜ ಅಲ್ಲೇ ಇತ್ತು, ಬಿಳಿ ಅಂಗಿಯ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಬೆರಳಿಗೂ ಆ ಹೊಲಿಗೆಗೂ ಒಂದು ಗೇಣು ಅಂತರ. ಇನ್ನೊಂದು ಹತ್ತು ನಿಮಿಷ ಬಿಡೋಣ, ನಿದ್ದೆ ಸಾಲದೆ ಎಲ್ಲಾದರೂ ಗುದ್ದಿದರೆ ಅಕ್ಕನ ಹತ್ತಿರ ಹೋಗುವುದಿರಲಿ, ತನ್ನ ಫಿಲ್ಮನ್ನೇ ಯಾರೋ ತೆಗೆಯಬೇಕಾಗುತ್ತದೆ. ಕೈ ಹಿಂದಕ್ಕೆ ಬಂತು.

ಏಳು ತಿಂಗಳಾಯಿತು. ಆವತ್ತು ಫೋನಿನಲ್ಲಿ ಅಕ್ಕನ ದನಿ ಒಡೆದಿತ್ತು. "ಡಾಕ್ಟರಮ್ಮಾ, ಮೂರು ವಾರದ ಮೇಲಾಯ್ತು, ಗಂಟಲು ಹೀಗೇ ಇದೆ ಕಣೇ. ಯಾರಿಗಾದ್ರೂ ತೋರಿಸ್ಲಾ?" ಅವಳು ನಕ್ಕಿದ್ದಳು. "ಜೀವಮಾನವೆಲ್ಲ ಕೂಗಿದ್ದೀಯ, ಗಂಟಲೇನು ಕಬ್ಬಿಣದ್ದಾ? ಸ್ವಲ್ಪ ದಿನ ಬಾಯಿ ಮುಚ್ಕೊಂಡಿರು, ಉಪ್ಪುನೀರು ಮುಕ್ಕಳಿಸು, ಸರಿಹೋಗುತ್ತೆ." ಅಕ್ಕನೂ ನಕ್ಕಳು, ನಗು ಅರ್ಧದಲ್ಲಿ ಕೆಮ್ಮಾಯಿತು. ಒಂದು ತಿಂಗಳು ಬಿಟ್ಟು ಮತ್ತೆ ಕೇಳಿದಳು. "ಇನ್ನೂ ಹೋಗಿಲ್ವಲ್ಲೇ." ಆಗ ಅವಳಿಗೆ ರೇಗಿತ್ತು. ಕೇಳುವುದೂ ನನ್ನನ್ನೇ, ನಂಬದಿರುವುದೂ ನನ್ನನ್ನೇ. "ಅಕ್ಕಾ, ನಾನು ಹೇಳಿದ್ದು ಮಾಡ್ತಿದ್ದೀಯೋ ಇಲ್ವೋ? ಮಾತು ಕಡಿಮೆ ಮಾಡು ಅಂದ್ರೆ ನಿನಗೆ ಅದೊಂದೇ ಆಗದ ಕೆಲಸ." ಅಕ್ಕ ಮತ್ತೆ ಕೇಳಲಿಲ್ಲ. ಹೇಳಿದ್ದನ್ನು ಮಾಡಿದಳು. ಮೂರು ತಿಂಗಳು ಮನೆಯಲ್ಲಿ ಮಾತು ಕಡಿಮೆ ಮಾಡಿಕೊಂಡು, ದಿನಕ್ಕೆ ಮೂರು ಹೊತ್ತು ಉಪ್ಪುನೀರು ಮುಕ್ಕಳಿಸಿದಳಂತೆ. ನುಂಗುವುದಕ್ಕೂ ಕಷ್ಟವಾದಾಗ ಮಗ ಎಳೆದುಕೊಂಡು ಹೋಗಿ ತೋರಿಸಿದ. ಇಷ್ಟು ದಿನ ಏನು ಮಾಡ್ತಿದ್ರಿ ಎಂದು ಅಲ್ಲಿ ಕೇಳಿದ್ದಕ್ಕೆ ಅಕ್ಕ ಏನು ಹೇಳಿದಳೋ. ಅವಳು ಯಾರನ್ನೂ ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಕ್ಸ್‌ರೇ ಕೋಣೆಯ ಎದುರಿನ ಬಾಗಿಲೇ ಕಿವಿ ಮೂಗು ಗಂಟಲಿನ ವಿಭಾಗ. ಆ ಬಾಗಿಲ ಪಕ್ಕದ ಗೋಡೆಯಲ್ಲಿ, ದನಿ ಒಡೆದು ಮೂರು ವಾರ ಮೀರಿದರೆ ತಡಮಾಡದೆ ತೋರಿಸಿ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದರು. ಅದರ ಕೆಳಗಿನ ಬೆಂಚಿನ ಮೇಲೆ ಕೂತು ಎಷ್ಟೋ ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡಿದ್ದಾಳೆ. ಗೊತ್ತಿದ್ದೂ ಬಾಯಿ ಮುಚ್ಕೊಂಡಿರು ಎಂದಳಲ್ಲ, ಯಾಕೆ? ತಗಡಿನ ಮೇಲೆ ಬಿಸಿಲು ಏರಿ ಟಕ್ ಟಕ್ ಎಂದು ಸದ್ದಾಗುತ್ತಿತ್ತು. ಹೇಳಬೇಕೆಂದರೆ ಹೇಳಿಬಿಡಬಹುದು, ಇಲ್ಲಿ ಯಾರು ಕೇಳುತ್ತಾರೆ: ಅಕ್ಕನ ದನಿ ಒಡೆದದ್ದು ಕಿವಿಗೆ ಬಿದ್ದ ಕ್ಷಣ ಅವಳಿಗೆ ಒಂದು ಚೂರು, ಒಂದೇ ಒಂದು ಚೂರು, ಹಾಯೆನಿಸಿತ್ತು. ಕ್ಷಣವೂ ಅಲ್ಲ, ಕಣ್ಣು ಮಿಟುಕಿಸುವಷ್ಟು. ಅಷ್ಟರಲ್ಲೇ ಆ ನಗು ಬಂದದ್ದು. ಆಮೇಲೆ ಎಷ್ಟೇ ತಿಕ್ಕಿದರೂ ಅದು ಹೋಗಲಿಲ್ಲ.

ಆ ದನಿ ಒಬ್ಬರ ಸ್ವತ್ತಾಗಿರಲಿಲ್ಲ, ಊರಿನದಾಗಿತ್ತು. ಅಕ್ಕ ಮೂವತ್ತು ಚಿಲ್ಲರೆ ವರ್ಷ ದೊಡ್ಡ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದಳು. ವಿಚಾರಣೆಯ ಕೌಂಟರಿನ ಹಿಂದಿನ ಗಾಜಿನ ಗೂಡಿನಲ್ಲಿ ಕೂತು, ಮೈಕಿನ ಗುಂಡಿ ಒತ್ತಿ, 'ಪ್ರಯಾಣಿಕರ ಗಮನಕ್ಕೆ' ಎಂದರೆ, ಜಗಳವಾಡುತ್ತಿದ್ದ ಗಂಡ ಹೆಂಡತಿಯೂ ಒಂದು ಗಳಿಗೆ ಬಾಯಿ ಮುಚ್ಚಿ ಮೇಲೆ ನೋಡುತ್ತಿದ್ದರು. ಕಾಲೇಜಿನ ದಿನಗಳಲ್ಲಿ ಅಕ್ಕನಿಗೆ ಮಧ್ಯಾಹ್ನದ ಊಟ ತಲುಪಿಸುವುದು ಅವಳ ಕೆಲಸ. ಒಂದು ದಿನ ತಡವಾಗಿ ಹೋಗಿ, ಪುಸ್ತಕದಂಗಡಿಯ ಮುಂದೆ ನಿಂತುಬಿಟ್ಟಿದ್ದಾಗ, ಚಾವಣಿಯ ಇಪ್ಪತ್ತು ಧ್ವನಿವರ್ಧಕಗಳಿಂದ ಒಟ್ಟಿಗೇ ಬಂತು: "ಹಸಿರು ಕೊಡೆ ಹಿಡಿದು ಪುಸ್ತಕದಂಗಡಿಯ ಮುಂದೆ ನಿಂತಿರುವ ಹುಡುಗಿ ಕೂಡಲೇ ವಿಚಾರಣೆ ಕೌಂಟರಿಗೆ ಬರಬೇಕು. ನಿಮ್ಮ ಅಕ್ಕ ಹಸಿವಿನಿಂದ ಸಾಯುತ್ತಿದ್ದಾರೆ." ನಿಲ್ದಾಣಕ್ಕೆ ನಿಲ್ದಾಣವೇ ನಕ್ಕಿತು. ಅವಳ ಮೈಯೆಲ್ಲ ಹಿಡಿಯಾಯಿತು. ಕೊಡೆ ಮಡಿಸಿ ಕಂಕುಳಲ್ಲಿ ಅಡಗಿಸಿಕೊಂಡು ನಡೆದಳು, ಎಲ್ಲರಿಗೂ ಗೊತ್ತಾಗುವಂತೆ. ಗಾಜಿನ ಹಿಂದೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಮೇಲೆ ತನ್ನ ಊಟದಲ್ಲಿ ಅರ್ಧ ಕೊಟ್ಟಳು. ಅದನ್ನೂ ಹೇಳಬೇಕು. ಯಾವಾಗಲೂ ಅರ್ಧ ಕೊಟ್ಟಿದ್ದಾಳೆ. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಾಗ ಹುಡುಗ ಮೆಲ್ಲಗೆ, 'ಒಳಗೆ ಮಾತಾಡ್ತಾ ಇದ್ದದ್ದು ಇವರೇನಾ?' ಎಂದು ಕೇಳಿದ್ದ. ಅಲ್ಲ, ಅದು ಇವರಕ್ಕ, ಮದುವೆಯಾಗಿದೆ ಎಂದರು. 'ಓ' ಎಂದ. ಮದುವೆಯೇನೋ ಆಯಿತು, ಗಂಡ ಸಾಯುವ ತನಕ ಆ 'ಓ' ಅವಳ ಕಿವಿಯಲ್ಲಿ ಇತ್ತು, ಪಾಪ ಅವರಿಗೆ ನೆನಪೂ ಇರಲಿಲ್ಲ.

ಕೈಚೀಲದಲ್ಲಿ ಫೋನು ನಡುಗಿತು. ಅಕ್ಕನ ಮಗ. ಹನ್ನೆರಡೂ ಇಪ್ಪತ್ತು. ಅವಳು ಫೋನನ್ನು ಹೊರಗೆ ತೆಗೆದು ಅಂಗೈಯಲ್ಲಿಟ್ಟುಕೊಂಡು, ಕಿವಿಯ ಕಡೆ ತರದೆ ಸುಮ್ಮನೆ ನೋಡಿದಳು. ನಡುಗಿ ನಡುಗಿ ನಿಂತಿತು. ಎತ್ತಿದ್ದರೆ ಏನು ಹೇಳುವುದು? ಇನ್ನೂ ಇಲ್ಲೇ ಇದ್ದೀವಿ ಎಂದರೆ, ಡ್ರೈವರನ್ನು ಎಬ್ಬಿಸಿ ಎನ್ನುತ್ತಾನೆ. ಅಥವಾ ಫೋನು ಅಮ್ಮನ ಕೈಗೆ ಕೊಡುತ್ತಾನೆ, ಆ ಗೊರಗೊರ ಸದ್ದು ನೇರ ಕಿವಿಗೆ ಬರುತ್ತದೆ: 'ಬಾಯಿ ಮುಚ್ಕೊಂಡಿರು ಅಂದೆಯಲ್ಲೇ, ನೋಡು, ಇನ್ನು ಮುಚ್ಚೇಬಿಡ್ತು.' ಮಂಗಳಾರತಿ ಮಾಡುವುದಕ್ಕೇ ಕರೆದಿದ್ದಾಳೆ. ಮುಖ ನೋಡಿಕೊಂಡೇ ಮಾಡಬೇಕು, ಬೇರೆಯವರ ಮುಂದೆ ಬೇಡ ಅಂತ ಇಷ್ಟು ದಿನ ತಡೆದುಕೊಂಡಿದ್ದಾಳೆ. ಆ ದನಿಯಲ್ಲಿ ಕೊನೆಯದಾಗಿ ಉಳಿಯುವುದು ಈ ಮಾತೇ ಆಗುತ್ತದೆ. ಮುಂದೆ ಎಷ್ಟು ವರ್ಷ ಬದುಕಿದರೂ ಅಕ್ಕನ ದನಿ ಎಂದರೆ ಅದೇ ನೆನಪಾಗುತ್ತದೆ. ಫೋನು ಇನ್ನೊಮ್ಮೆ ನಡುಗಿತು. ಅದನ್ನು ಚೀಲದೊಳಗಿನ ಸೀರೆಯ ಮಡಿಕೆಯ ನಡುವೆ ಇಟ್ಟಳು. ಸದ್ದು ಕೇಳಿಸದ ಹಾಗೆ ಮಾಡುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ.

ಒಂದು ಗಂಟೆಯಾಯಿತು. ಬಂಕಿಗೆ ಲಾರಿಗಳು ಬಂದವು, ಹೋದವು. ಪಕ್ಕದ ಮಂಚದಲ್ಲಿ ಒಬ್ಬ ಬಂದು ಮಲಗಿ, ಎದ್ದು, ನಲ್ಲಿಯಡಿ ತಲೆಯೊಡ್ಡಿ, ಹೋದ. ಅವಳು ಯಾವುದನ್ನೂ ನಿರ್ಧರಿಸಲಿಲ್ಲ. ಅದನ್ನೇ ಆಮೇಲೆ ಎಷ್ಟೋ ಸಲ ತನಗೆ ತಾನು ಹೇಳಿಕೊಂಡಳು: ಹೋಗಬಾರದೆಂದು ನಾನೆಲ್ಲಿ ನಿರ್ಧರಿಸಿದೆ? ಹತ್ತು ನಿಮಿಷ, ಮತ್ತೆ ಹತ್ತು ನಿಮಿಷ, ಬಿಸಿಲು ಸ್ವಲ್ಪ ಇಳಿಯಲಿ, ಈ ಲಾರಿ ಹೋಗಲಿ. ಒಂದೂವರೆ ದಾಟಿದಾಗ ಎದೆಯಲ್ಲಿ ಏನೋ ಸಡಿಲವಾಯಿತು. ಇನ್ನು ಎಬ್ಬಿಸಿ, ಎಷ್ಟೇ ಜೋರಾಗಿ ಓಡಿಸಿದರೂ ಮೂರೂವರೆಗೆ ಮುಟ್ಟುವುದಿಲ್ಲ. ಸಡಿಲವಾದದ್ದು ಸಮಾಧಾನವೆಂದು ಗೊತ್ತಾದಾಗ, ಅವಳು ಕುರ್ಚಿಯ ಮೇಲೆ ಕೂತಲ್ಲೇ ಕಣ್ಣುಮುಚ್ಚಿ, 'ಥೂ' ಎಂದಳು. ಟೀ ಅಂಗಡಿಯ ಹೆಂಗಸು ತಿರುಗಿ ನೋಡಿದಳು.

ಡ್ರೈವರ್ ತಾನಾಗಿಯೇ ಎದ್ದ. ಕರವಸ್ತ್ರ ಜಾರಿತು, ಬೆಳಕು ಕಣ್ಣಿಗೆ ಬಿತ್ತು, ಅವನು ಒಂದು ಗಳಿಗೆ ತಗಡನ್ನು ನೋಡಿದ, ಗಡಿಯಾರ ನೋಡಿದ, ದಡಬಡಿಸಿ ಕೂತ.

"ಅಮ್ಮಾ, ಒಂದೂ ನಲವತ್ತು. ಎಬ್ಬಿಸ್ಲೇ ಇಲ್ವಲ್ಲ."

"ಎಷ್ಟು ಸಲ ಎಬ್ಬಿಸ್ದೆ" ಎಂದಳು ಅವಳು. ಹೇಳಬೇಕೆಂದು ಹೇಳಿದ್ದಲ್ಲ, ನಾಲಿಗೆ ತಾನೇ ಹೊರಳಿತು. "ನೀವು ಏಳ್ಲೇ ಇಲ್ಲ."

ಬೂಟಿಗೆ ಕಾಲು ತುರುಕುತ್ತಿದ್ದವನು ಹಾಗೇ ನಿಂತ. ಅವನ ಮುಖದಲ್ಲಿ ಸಂಶಯ ಬರಲೆಂದು ಅವಳು ಕಾದಳು, ಬಂದಿದ್ದರೆ ಒಪ್ಪಿಕೊಂಡುಬಿಡುತ್ತಿದ್ದಳೋ ಏನೋ. ಬರಲಿಲ್ಲ. "ನನ್ನ ಹಣೆಬರಹ" ಎಂದ. "ನನ್ನ ಹೆಂಡ್ತೀನೂ ಇದೇ ಹೇಳ್ತಾಳೆ, ನಿದ್ದೆಗೆ ಬಿದ್ರೆ ಹೆಣಾನೇ ನೀವು ಅಂತ. ನೀರು ಚೆಲ್ಲಬೇಕಿತ್ತು ಅಮ್ಮಾ, ಕೆನ್ನೆಗೆ ಎರಡು ಬಾರಿಸಬೇಕಿತ್ತು." ಸ್ಟೌವಿನ ಹತ್ತಿರ ಹೆಂಗಸು ಲೋಟ ತೊಳೆಯುತ್ತ ಅವಳನ್ನೇ ನೋಡುತ್ತಿದ್ದಳು. ಚಿಲ್ಲರೆ ಕೊಡುವಾಗ ಕೈಗೆ ಕೊಡದೆ ಹಲಗೆಯ ಮೇಲಿಟ್ಟಳು.

ಮೂರು ಗಂಟೆಯ ದಾರಿಯುದ್ದಕ್ಕೂ ಅವನು ಕ್ಷಮೆ ಕೇಳಿದ. ಕನ್ನಡಿಯಲ್ಲಿ ಅವನ ಕಣ್ಣುಗಳು ಈಗ ಕೆಂಪಗೆ, ಪೂರ್ತಿ ತೆರೆದು ಇದ್ದವು. ಪ್ರತಿ ಹತ್ತು ನಿಮಿಷಕ್ಕೊಮ್ಮೆ 'ಸಿಕ್ತಾರೆ ಅಮ್ಮಾ, ಆಪರೇಷನ್ನುಗಳು ಯಾವಾಗ್ಲೂ ತಡಾನೇ ಶುರು ಆಗೋದು' ಎನ್ನುತ್ತಿದ್ದ. ಹೌದು, ತಡವಾಗಬಹುದು ಎಂದು ಆಸ್ಪತ್ರೆ ಬಲ್ಲ ಅವಳಿಗೂ ಗೊತ್ತಿತ್ತು. ಹಾಗಾಗಲಿ ಎಂದು ಬೇಡಿಕೊಂಡಳು, ಆಗದಿರಲಿ ಎಂದೂ ಬೇಡಿಕೊಂಡಳು. ಒಂದು ಕಡೆ ಅವನು ತಿರುವಿನಲ್ಲಿ ಲಾರಿಯನ್ನು ಹಿಂದೆ ಹಾಕಲು ಹೋಗಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡ. ನಿಧಾನಕ್ಕೆ ಹೋಗಿ ಎಂದಳು. "ಇಲ್ಲಮ್ಮಾ, ನನ್ನಿಂದ ಆದದ್ದು ನಾನೇ ಸರಿಮಾಡ್ತೀನಿ" ಎಂದ. ಆಗ ಹೇಳಬಹುದಿತ್ತು. ಗಾಡಿಯಲ್ಲಿ ಇಬ್ಬರೇ ಇದ್ದರು. ಹೇಳಿದ್ದರೆ ಅವನ ಕಾಲು ಆಕ್ಸಿಲರೇಟರಿನ ಮೇಲಿಂದ ಸ್ವಲ್ಪ ಮೇಲೇಳುತ್ತಿತ್ತು, ಅಷ್ಟೇ ತಾನೆ ಆಗುತ್ತಿದ್ದದ್ದು. ಕಿಟಕಿಯ ಗಾಜಿಗೆ ಹಣೆ ಒತ್ತಿ ಕೂತಳು.

ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಅಕ್ಕನ ಮಗ ನಿಂತಿದ್ದ. ನಾಲ್ಕೂ ಮುಕ್ಕಾಲು. ಮುಖ ನೋಡಿದ ಕೂಡಲೇ ಗೊತ್ತಾಯಿತು. "ನಾಲ್ಕರ ತನಕ ತಡೆದ್ರು ಚಿಕ್ಕಮ್ಮ. ಅಮ್ಮ ಸ್ಟ್ರೆಚರ್ ಹತ್ತಲ್ಲ ಅಂತ ಹಟ ಮಾಡಿದ್ಳು. ಬಾಗಿಲು ಕಡೆಗೇ ನೋಡ್ತಿದ್ಳು. ಎಷ್ಟು ಸಲ ಫೋನ್ ಮಾಡ್ದೆ ನಿಮಗೆ. ಡ್ರೈವರ್ ಫೋನೂ ಸ್ವಿಚ್ ಆಫ್."

"ಸಿಗ್ನಲ್ ಇರ್ಲಿಲ್ಲಪ್ಪಾ ದಾರೀಲಿ."

ಅವನು ಡ್ರೈವರ್ ಕಡೆ ತಿರುಗಿದ; ಅರ್ಧ ಗಂಟೆಗೆಂದು ಮಲಗಿ ಒಂದೂ ನಲವತ್ತಕ್ಕೆ ಎದ್ದದ್ದನ್ನು ಡ್ರೈವರೇ ಹೇಳಿಕೊಂಡ. ಹುಡುಗನ ಮೊದಲ ವಾಕ್ಯದಲ್ಲಿ 'ನೀವು' ಇತ್ತು, ಮೂರನೆಯದರಲ್ಲಿ 'ನೀನು' ಆಯಿತು. ಅರ್ಧ ಗಂಟೆ ಅಂತ ಮೂರು ಗಂಟೆ ಮಲಗ್ತೀಯಾ, ನಮ್ಮಮ್ಮನ ಮಾತು ಹೋಯ್ತಲ್ಲಯ್ಯಾ, ತಂದ್ಕೊಡ್ತೀಯಾ ನೀನು? ಕಾವಲುಗಾರ ಎದ್ದು ಬಂದು ನಿಂತ, ಇನ್ನೊಂದು ಗಾಡಿಯವರು ಕಿಟಕಿ ಇಳಿಸಿ ನೋಡಿದರು. ಡ್ರೈವರ್ ಟೋಪಿಯಿಲ್ಲದವನು ಟೋಪಿ ತೆಗೆದವನ ಹಾಗೆ ಎರಡೂ ಕೈ ಮುಂದೆ ಜೋಡಿಸಿಕೊಂಡು, "ತಪ್ಪಾಯ್ತು ಸಾರ್. ಅಮ್ಮ ಎಷ್ಟೋ ಸಲ ಎಬ್ಬಿಸಿದ್ದಾರೆ, ನಂಗೇ ಎಚ್ಚರ ಆಗ್ಲಿಲ್ಲ" ಎಂದ. ತನ್ನ ಸುಳ್ಳನ್ನು ಬೇರೆಯವರ ಬಾಯಲ್ಲಿ, ಅಷ್ಟು ನಿಜವಾಗಿ, ಅವಳು ಕೇಳಿದಳು. ಈಗ ಬಾಯಿ ಬಿಡದಿದ್ದರೆ ಇನ್ನು ಯಾವಾಗ? ಬಿಟ್ಟಳು.

"ಹೋಗ್ಲಿ ಬಿಡು" ಎಂದಳು. "ಪಾಪ, ಅವರೂ ಮನುಷ್ಯರೇ."

ಟೀ ಅಂಗಡಿಯವಳ ಮಾತನ್ನೇ ಎತ್ತಿ ಆಡಿದ್ದಳು. ಡ್ರೈವರ್ ಕೃತಜ್ಞತೆಯಿಂದ ಅವಳನ್ನು ನೋಡಿದ. ಆ ನೋಟವನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ, ಚೀಲ ಎತ್ತಿಕೊಂಡು ಬಿರಬಿರನೆ ಒಳಗೆ ನಡೆದಳು.

ಮಾರನೆಯ ದಿನ ಬೆಳಿಗ್ಗೆ ಅವನಿಗೆ ಹೇಳಿಯೇ ಬಿಡುವುದೆಂದು ಕೆಳಗೆ ಇಳಿದುಹೋದಳು. ಅದೇ ಗಾಡಿ, ಅದೇ ಜಾಗದಲ್ಲಿ ನಿಂತಿತ್ತು. ಒಳಗೆ ಬೇರೆ ಯಾರೋ ಕೂತು ಪೇಪರ್ ಓದುತ್ತಿದ್ದ. "ಅವರಾ? ಅವರನ್ನ ದೂರದ ಟ್ರಿಪ್ಪಿಂದ ತೆಗೆದ್ರು ಮೇಡಂ. ನಿಮ್ಮವರು ಆಫೀಸಿಗೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ರಂತಲ್ಲ. ಅವರೇನೂ ವಾದ ಮಾಡ್ಲಿಲ್ಲ. ನಂಗೇನೋ ನಿದ್ದೆ ಕಾಯಿಲೆ ಇರ್ಬೇಕು, ಭುಜ ಹಿಡಿದು ಅಲ್ಲಾಡಿಸಿದ್ರೂ ಗೊತ್ತಾಗ್ಲಿಲ್ಲ, ತೋರಿಸ್ಕೋತೀನಿ ಅಂತ ಅವರೇ ರಜಾ ಹಾಕಿ ಹೋದ್ರು." ಅವಳು ಗಾಡಿಯ ಬಾಗಿಲು ಹಿಡಿದುಕೊಂಡಳು. ಇಲ್ಲದ ಕಾಯಿಲೆಯೊಂದನ್ನು ಹೊತ್ತುಕೊಂಡು ಆ ಮನುಷ್ಯ ಈಗ ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಿರುತ್ತಾನೆ. ಅವರ ನಂಬರ್ ಇದೆಯಾ ಎಂದು ಕೇಳಿದಳು. ಆಫೀಸಿನವರನ್ನ ಕೇಳ್ಬೇಕು ಎಂದ. ಅವಳು ಕೇಳಲಿಲ್ಲ, ಆ ದಿನ.

ಮೂರನೆಯ ದಿನ ಅಕ್ಕನನ್ನು ವಾರ್ಡಿಗೆ ತಂದರು. ಕತ್ತಿನ ಬುಡದಲ್ಲಿ ತೂತು, ಅದರೊಳಗೆ ನಳಿಕೆ, ಉಸಿರು ಅಲ್ಲಿಂದಲೇ ಬರುತ್ತಿತ್ತು ಹೋಗುತ್ತಿತ್ತು. ಇಂಥದ್ದನ್ನು ಅವಳು ನೂರು ಸಲ ಕಂಡಿದ್ದಾಳೆ, ಇಂಥ ಕತ್ತುಗಳನ್ನು ತನ್ನ ಕೈಯಿಂದಲೇ ಎಕ್ಸ್‌ರೇ ಫಲಕಕ್ಕೆ ನೇರ ಮಾಡಿ ನಿಲ್ಲಿಸಿದ್ದಾಳೆ. ಆದರೂ ಕಾಲು ಬಾಗಿಲಲ್ಲೇ ನಿಂತಿತು. ಅಕ್ಕ ಅವಳನ್ನು ಕಂಡು ಹಾಸಿಗೆಯ ಅಂಚನ್ನು ಕೈಯಿಂದ ತಟ್ಟಿದಳು. ಕೂತಳು. ಮಗ ಅಮ್ಮನ ತೊಡೆಯ ಮೇಲೆ ಸಣ್ಣ ಬಿಳಿ ಬೋರ್ಡೊಂದನ್ನು ಇಟ್ಟು, ಪೆನ್ನಿನ ಮುಚ್ಚಳ ತೆಗೆಯುತ್ತ, "ಚಿಕ್ಕಮ್ಮ ಬಂದೇಬಿಡ್ತಿದ್ರು ಕಣಮ್ಮಾ, ಆ ಡ್ರೈವರ್ ಮಾಡಿದ ಕೆಲಸ. ಅವನಿಗೆ ಸರಿಯಾಗಿ ಬುದ್ಧಿ ಕಲಿಸಿದ್ದೀನಿ" ಎಂದ.

"ಅವರದ್ದೇನೂ ತಪ್ಪಿಲ್ಲ" ಎಂದಳು ಅವಳು. "ನಾನು ಎಬ್ಬಿಸ್ಲೇ ಇಲ್ಲ. ಒಂದು ಸಲವೂ ಎಬ್ಬಿಸ್ಲಿಲ್ಲ. ಅವರು ಮಲಗಿದ್ದರು, ನಾನು ಪಕ್ಕದಲ್ಲೇ ಕೂತಿದ್ದೆ. ನಿನ್ನ ಫೋನೂ ಬಂತು, ನೋಡಿದೆ, ಎತ್ತಲಿಲ್ಲ. ಅವರ ಆಫೀಸಿಗೆ ಫೋನ್ ಮಾಡಿ ಹೇಳು."

ಹುಡುಗ ಅವಳನ್ನು ನೋಡಿದ, ಅವನ ಮುಖ ಮೆತ್ತಗಾಯಿತು. ಅವಳ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಥರದವರು ಈ ಕಾಲದಲ್ಲಿ ಬದುಕೋದು ಕಷ್ಟ ಚಿಕ್ಕಮ್ಮ" ಎಂದ. "ಯಾರೋ ಡ್ರೈವರ್ ಕೆಲಸ ಉಳಿಸೋಕೆ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೋತಿದ್ದೀರಲ್ಲ. ಆಯ್ತು, ನಿಮಗೋಸ್ಕರ ಆಫೀಸಿಗೆ ಹೇಳ್ತೀನಿ, ಬಿಡಿ." ಔಷಧಿ ತರಬೇಕೆಂದು ಚೀಟಿ ತೆಗೆದುಕೊಂಡು ಹೊರಗೆ ಹೋದ. ನಿಜವನ್ನೇ ಹೇಳಿಯೂ ಅವಳು ಮತ್ತೆ ಒಳ್ಳೆಯವಳಾಗಿಬಿಟ್ಟಿದ್ದಳು.

ಅಕ್ಕ ಮಾತ್ರ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಮೆತ್ತಗಾದದ್ದೇನೂ ಇರಲಿಲ್ಲ, ಗಟ್ಟಿಯಾದದ್ದೂ ಇರಲಿಲ್ಲ. ಪೆನ್ನು ಎತ್ತಿಕೊಂಡು ಬರೆದಳು. ಮಾತಿನಲ್ಲಿ ಅಷ್ಟು ಚುರುಕಾಗಿದ್ದವಳ ಬರವಣಿಗೆ ನಿಧಾನ. ಬೋರ್ಡು ತಿರುಗಿಸಿ ಹಿಡಿದಳು.

'ಬೈಯೋಕೆ ಕರೆದಿರಲಿಲ್ಲ.'

"ಮತ್ತೆ? ಮತ್ತೆ ಯಾಕಕ್ಕಾ ಕರೆದಿದ್ದು?"

ಅಕ್ಕ ಅಭ್ಯಾಸಬಲದಿಂದ ಬಾಯಿ ತೆರೆದಳು. ತುಟಿಗಳು ಆಡಿದವು, ಮೂರು ನಾಲ್ಕು ಮಾತಿನಷ್ಟು, ಕತ್ತಿನ ನಳಿಕೆಯಿಂದ ಬರೀ ಗಾಳಿ ಹೋಯಿತು. ಅರ್ಧಕ್ಕೆ ನೆನಪಾಗಿ ನಿಲ್ಲಿಸಿದಳು. ಬೋರ್ಡನ್ನು ಅಂಗೈಯಿಂದ ಒರೆಸಿ, ಸ್ವಲ್ಪ ಹೊತ್ತು ಯೋಚಿಸಿ ಮತ್ತೆ ಬರೆದಳು.

'ಸುಮ್ನೆ. ಮಾತಾಡೋಣ ಅಂತ.'